ಪದಚರ್ಚೆ: ಸಿಕ್ಕಿಬಿದ್ದ ಮೀನಿನ ಹೆಣಗಾಟ, ಒತ್ತಡ, ಎದೆಬಡಿತ

ಎಲ್ಲರಿಗೂ ನಮಸ್ಕಾರ.

ಗಾಳಕ್ಕೋ ಬಲೆಗೋ ಸಿಕ್ಕ ಮೀನಿನ ಮೈಯಲ್ಲಿ ಏನೇನಾಗುತ್ತದೆ ಎಂಬುದನ್ನು ಬರೆಯುತ್ತಿದ್ದೇನೆ. ಕೆಲವು ಪದಗಳ ವಿಷಯದಲ್ಲಿ ನಿಮ್ಮ ಸಹಾಯ ಬೇಕು.

ತಪ್ಪಿಸಿಕೊಳ್ಳಲು ಮೀನು ಶಕ್ತಿಯೆಲ್ಲ ಹಾಕಿ ಈಜುತ್ತದಲ್ಲ, ಅದಕ್ಕೆ ಏನನ್ನೋಣ? ‘ಶ್ರಮ’ ಎಂದರೆ ದುಡಿಮೆ ನೆನಪಾಗುತ್ತದೆ. ‘ಒದ್ದಾಟ’ ಚೆನ್ನಾಗಿದೆ, ಆದರೆ ಅದನ್ನು ನೀರಿನಿಂದ ಎತ್ತಿದ ಮೀನಿಗೇ ಜಾಸ್ತಿ ಹೇಳುತ್ತೇವೆ. ‘ದಣಿವು’ ಆಮೇಲಿನ ಸ್ಥಿತಿ. ನನಗೆ ಆ ಈಜಾಟ, ಆಮೇಲಿನ ಸ್ಥಿತಿ ಎರಡಕ್ಕೂ ಬೇರೆಬೇರೆ ಪದವೇ ಬೇಕು. ನಿಧಾನವಾಗಿ ಈಜುವಾಗ ಮೀನಿಗೆ ಕೆಂಪು ಸ್ನಾಯು ಸಾಕು. ಸಿಕ್ಕಿಬಿದ್ದಾಗ ಬಿಳಿ ಸ್ನಾಯು ಕೆಲಸಕ್ಕಿಳಿಯುತ್ತದೆ. ಅದು ಆಮ್ಲಜನಕಕ್ಕೆ ಕಾಯದೆ, ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆಯನ್ನು ಕರಗಿಸುತ್ತದೆ. ಹಾಗೆ ಕರಗಿದಾಗ ಹುಟ್ಟುವ ಲ್ಯಾಕ್ಟೇಟ್ ತುಂಬಿಕೊಳ್ಳುತ್ತದೆ, ರಕ್ತದ ಆಮ್ಲೀಯತೆ ಏರುತ್ತದೆ. ಈಜಾಟ ಕೆಲವೇ ನಿಮಿಷದ್ದು, ಸುಧಾರಿಸಿಕೊಳ್ಳಲು ಗಂಟೆಗಟ್ಟಲೆ ಬೇಕು. ಸದ್ಯಕ್ಕೆ ಮೊದಲನೆಯದನ್ನು ‘ಹೆಣಗಾಟ’, ಎರಡನೆಯದನ್ನು ‘ಬಳಲಿಕೆ’ ಎಂದಿದ್ದೇನೆ.

‘ಒತ್ತಡ’ ಇನ್ನೂ ಕಷ್ಟ. ನೀರು ಒತ್ತುವುದಕ್ಕೂ (pressure), ಜೀವಿ ಅನುಭವಿಸುವುದಕ್ಕೂ (stress) ಅದೇ ಪದ. ಈ ವಾಕ್ಯ ನೋಡಿ: “ಆಳದ ಮೀನನ್ನು ಮೇಲೆಳೆದಾಗ ಒತ್ತಡ ಇಳಿದು ಗಾಳಿಚೀಲ ಉಬ್ಬುತ್ತದೆ, ಮೀನಿನ ಒತ್ತಡ ಹೆಚ್ಚುತ್ತದೆ.” ಓದುವವರಿಗೆ ತಲೆ ಕೆಡುತ್ತದೆ, ಅಲ್ವಾ? ‘ಗಾಬರಿ’ ಬರೀ ಮನಸ್ಸಿನ ಮಾತಾಗುತ್ತದೆ. ಇಲ್ಲಿ ಹೇಳಬೇಕಿರುವುದು ಒತ್ತಡವಾದಾಗ ಮೈ ಹೊರಬಿಡುವ ಕಾರ್ಟಿಸಾಲ್ ಎಂಬ ಹಾರ್ಮೋನು ರಕ್ತದಲ್ಲಿ ಏರುವುದನ್ನು. ಹೆಣಗಾಟ ನಿಂತ ಮೇಲೂ ಅದು ಏರುತ್ತಲೇ ಇರಬಹುದು. ಹಾಗಾಗಿ ನೀರಿನದಕ್ಕೆ ‘ನೀರಿನ ಭಾರ’ ಎಂದು ಬರೆದು, ‘ಒತ್ತಡ’ವನ್ನು ಮೀನಿಗೇ ಉಳಿಸಿಕೊಳ್ಳುವುದು ಮೇಲು ಅನ್ನಿಸುತ್ತದೆ.

ಇನ್ನು ‘ಎದೆಬಡಿತ’. ಮೀನಿನ ಹೃದಯ ಇರುವುದು ಕಿವಿರುಗಳ ಹಿಂದೆ, ಗಂಟಲಿನ ಕೆಳಗೆ. ಅದನ್ನು ಎದೆ ಅನ್ನಬಹುದೋ ಏನೋ, ಅದಕ್ಕೆ ನನ್ನ ತಕರಾರಿಲ್ಲ. ತೊಡಕಿರುವುದು ‘ಎದೆ ಹೊಡೆದುಕೊಳ್ಳುವುದು’ ಎಂಬ ಮಾತಿನಲ್ಲಿ. ಹಾಗೆಂದರೆ ಬಡಿತ ಜೋರಾಯಿತು ಎಂದೇ ಅರ್ಥ. ಆದರೆ ನೀರಿನಿಂದ ಎತ್ತಿದಾಗ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಉಸಿರು ಕಟ್ಟುತ್ತದೆ. ಆಗ ಎಷ್ಟೋ ಮೀನುಗಳಲ್ಲಿ ಬಡಿತ ನಿಧಾನವಾಗುತ್ತದೆ, ನೀರಿಗೆ ಬಿಟ್ಟ ಮೇಲೆ ಜೋರಾಗುತ್ತದೆ. ‘ಹೃದಯ ಬಡಿತದ ವೇಗ’ ಎಂದು ಬರೆದರೆ ಏರಿದ್ದು, ಇಳಿದದ್ದು ಎರಡನ್ನೂ ಹೇಳಬಹುದು.

ಕೊನೆಯದಾಗಿ, ದಾರ ಸಡಿಲ ಬಿಟ್ಟು, ಮತ್ತೆ ಎಳೆದು, ಮೀನು ಸುಸ್ತಾಗುವ ತನಕ ಈಜಿಸುವುದಕ್ಕೆ ಮೀನು ಹಿಡಿಯುವವರ ಬಾಯಲ್ಲಿ ಬೇರೆ ಪದವಿದೆಯೇ? ಕೇಳಿದ್ದವರು ದಯವಿಟ್ಟು ಬರೆಯಿರಿ. ಯಾವ ಕಡೆಯ ಮಾತು ಎಂದೂ ತಿಳಿಸಿ.