ಖಾಲಿ ಸೈಟಿನ ಹೊಗೆ, ನಮ್ಮ ಮನೆಗಳ ಬೆಲೆ

4ನೇ ಕ್ರಾಸ್, ಮನೆ ಮಾಲೀಕರು:
ಖಾಲಿ ಸೈಟಿನಲ್ಲಿ ಕಸ ಸುಡುವ ಹೊಗೆಯ ಫೋಟೋಗಳನ್ನು ದಯವಿಟ್ಟು ನಮ್ಮ ಬಡಾವಣೆಯ ಈ ಗುಂಪಿನಿಂದ ಆಚೆ ಕಳಿಸಬೇಡಿ. ನಮ್ಮ ಮನೆ ಮಾರಾಟಕ್ಕಿದೆ. ನೋಡಲು ಬಂದವರು "ಇಲ್ಲಿ ಕಸ ಸುಡ್ತಾರಂತೆ ಹೌದಾ?" ಎಂದರು. ಆಮೇಲೆ ರೇಟಿನ ಮಾತೇ ಎತ್ತಲಿಲ್ಲ.

2ನೇ ಕ್ರಾಸ್, ನಿವೃತ್ತ ಮೇಷ್ಟ್ರು:
ನಿಮ್ಮ ಕಷ್ಟ ಅರ್ಥವಾಗುತ್ತದೆ ಸರ್. ಆದರೆ ಫೋಟೋ ಮುಚ್ಚಿಟ್ಟರೆ ವಾಸನೆ ನಿಲ್ಲುತ್ತದಾ? ಮನೆ ಕೊಳ್ಳುವವರು ಈಗ ಖಾತಾ, ಕಾವೇರಿ ನೀರಿನ ಜೊತೆ ಗಾಳಿಯನ್ನೂ ವಿಚಾರಿಸುತ್ತಾರೆ. ಬೆಂಗಳೂರಿನ ಪೀಣ್ಯ, ಹೆಬ್ಬಾಳ, ಸಿಲ್ಕ್ ಬೋರ್ಡ್‌ನಲ್ಲಿರುವ ಗಾಳಿ ಅಳೆಯುವ ಕೇಂದ್ರಗಳ ಅಂಕಿ 'ಸಮೀರ್' ಆ್ಯಪ್‌ನಲ್ಲೇ ಸಿಗುತ್ತದೆ. ನಮ್ಮ ಬೀದಿಯ ಹೊಗೆ ಮಾತ್ರ ಅದರಲ್ಲಿ ಕಾಣುವುದಿಲ್ಲ. ಅದನ್ನು ನಾವೇ ದಾಖಲಿಸಬೇಕು.

ಅಮೆರಿಕದಲ್ಲಿ 1970ರ ದಶಕದಲ್ಲಿ ಗಾಳಿಯ ದೂಳಿಗೆ ಕಾನೂನು ಕಡಿವಾಣ ಹಾಕಿತು. ಹಾಗೆ ದೂಳು ಇಳಿದ ಊರುಗಳಲ್ಲಿ ಮನೆಗಳ ಬೆಲೆ ಒಟ್ಟು ಸುಮಾರು 4,500 ಕೋಟಿ ಡಾಲರ್ ಏರಿತೆಂದು ಚೇ ಮತ್ತು ಗ್ರೀನ್‌ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು 2005ರಲ್ಲಿ ಲೆಕ್ಕ ಕೊಟ್ಟರು. ನಿಮ್ಮ ಮನೆಗೆ ಒಳ್ಳೆ ಬೆಲೆ ಬರಬೇಕಾದರೂ ಬೆಂಕಿ ನಿಲ್ಲಲೇಬೇಕು.

3ನೇ ಕ್ರಾಸ್, ಬಾಡಿಗೆ ಮನೆಯವರು:
ಗಾಳಿ ಚೆನ್ನಾದರೆ ನಿಮಗೆ ಆಸ್ತಿ ಬೆಲೆ ಏರುತ್ತದೆ, ನಮಗೆ ಬಾಡಿಗೆ ಏರುತ್ತದೆ. ಆದರೂ ನಾನು ನಿಮ್ಮ ಜೊತೆಗಿದ್ದೇನೆ. ಮಗನಿಗೆ ವೀಸಿಂಗ್ ಇದೆ. ಸಂಜೆಯಾದರೆ ಕಿಟಕಿ ತೆಗೆಯುವ ಹಾಗಿಲ್ಲ. ಇಲ್ಲಿ ರೇಟಿನ ಮಾತೇ ಜಾಸ್ತಿ ಆಯಿತು, ಮಕ್ಕಳ ಮಾತೂ ಬರಲಿ.

2ನೇ ಕ್ರಾಸ್, ನಿವೃತ್ತ ಮೇಷ್ಟ್ರು:
ಅದೇ ಮೊದಲು ಬರಬೇಕಮ್ಮ. ಪಿಎಂ 2.5, ಅಂದರೆ ಶ್ವಾಸಕೋಶದ ಒಳಕ್ಕೆ ಇಳಿಯುವಷ್ಟು ಸಣ್ಣ ಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ವರ್ಷದ ಸರಾಸರಿ ಮಿತಿ ಘನ ಮೀಟರಿಗೆ 5 ಮೈಕ್ರೋಗ್ರಾಂ. ನಮ್ಮ ದೇಶದ ಮಿತಿ 40. ಆದ್ದರಿಂದ "ಮಿತಿಯೊಳಗಿದೆ" ಎಂದು ಯಾರಾದರೂ ಹೇಳಿದರೆ ಸುಮ್ನೆ ಕೂರಬೇಡಿ.

ಸಂಘದ ಕಾರ್ಯದರ್ಶಿ:
ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ರಾಶಿ ಸುಟ್ಟರೆ 25,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶಿಸಿದೆ. ದೂರಿನಲ್ಲಿ ಅದನ್ನು ಬರೆಯೋಣ. ಸೈಟಿನ ಮಾಲೀಕರಿಗೆ ಬೇಲಿ ಹಾಕಿಸಲು ಪತ್ರ ಕೊಡೋಣ. ಫೋಟೋದಲ್ಲಿ ತಾರೀಖು, ಸಮಯ ಇರಲಿ. ಪೌರಕಾರ್ಮಿಕರ ಮುಖ ಬೇಡ. ಗುಡಿಸಿದ ಎಲೆ ಹಾಕಲು ನಾವು ಜಾಗವನ್ನೇ ಕೊಟ್ಟಿಲ್ಲ, ಸುಟ್ಟರೆಂದು ಅವರನ್ನು ಬೈದು ಏನು ಪ್ರಯೋಜನ? ಪಾರ್ಕಿನ ಮೂಲೆಯಲ್ಲಿ ಗೊಬ್ಬರದ ಗುಂಡಿ ಮಾಡೋಣ. ಭಾನುವಾರ ಬೆಳಿಗ್ಗೆ 10ಕ್ಕೆ ಅಲ್ಲೇ ಸೇರೋಣ.

4ನೇ ಕ್ರಾಸ್, ಮನೆ ಮಾಲೀಕರು:
ಬರುತ್ತೇನೆ. ಪತ್ರಕ್ಕೆ ನನ್ನ ಸಹಿಯೂ ಇರಲಿ. ಆದರೆ ಫೋಟೋ ದೂರಿನ ಜೊತೆ ಮಾತ್ರ ಹೋಗಲಿ, ಅಷ್ಟು ನಡೆಸಿಕೊಡಿ.