ಅಪ್‌ಡೇಟ್: ಇಕ್ಕಳ ಕಳ್ಕೊಂಡಿದ್ದ ನಮ್ಮ ನೀಲಿ ಕ್ರೇಫಿಶ್ ಬದುಕಿದೆ!

ಹೋದ ತಿಂಗಳು ಕೇಳಿದ್ದೆ, ನೆನಪಿದೆಯಾ? ಸಿಕ್ಲಿಡ್ ಮೀನಿನ ಜೊತೆ ಜಗಳವಾಗಿ ನಮ್ಮ ಕ್ರೇಫಿಶ್‌ನ (ಸೀಗಡಿಯಂತೆ ಚಿಪ್ಪಿರುವ ಸಿಹಿನೀರಿನ ಪ್ರಾಣಿ) ಎಡಗಡೆಯ ಇಕ್ಕಳ ಬುಡಸಮೇತ ಹೋಗಿತ್ತು. ಊಟ ಬಿಟ್ಟು ಮೂಲೆಯಲ್ಲಿ ಕೂತಿತ್ತು. ಅಂಗಡಿಯವರು ಫಂಗಸ್ ಔಷಧಿ ಕೊಟ್ಟಿದ್ದರು, ಹಾಕಲಾ ಅಂತ ನಿಮ್ಮನ್ನು ಕೇಳಿದ್ದೆ.

ನಿಮ್ಮಲ್ಲೊಬ್ಬರು "ಮೊದಲು ಲೇಬಲ್ ನೋಡಿ, ತಾಮ್ರ ಇದ್ದರೆ ಮುಟ್ಟಲೇಬೇಡಿ" ಅಂದಿರಿ. ನೋಡಿದರೆ ಕಾಪರ್ ಸಲ್ಫೇಟ್! ಮೀನಿಗೆ ಕೊಡುವ ಆ ಔಷಧಿ ಸೀಗಡಿ, ಏಡಿ, ಕ್ರೇಫಿಶ್‌ಗೆಲ್ಲ ವಿಷ. ಆ ಒಂದು ಮಾತಿನಿಂದ ಅದರ ಜೀವ ಉಳಿಯಿತು, ನಿಜವಾಗಿ.

ಔಷಧಿ ಏನೂ ಹಾಕಲಿಲ್ಲ. ಬೇರೆ ಟ್ಯಾಂಕಿಗೆ ಬಿಟ್ಟು, ಸ್ಪಾಂಜ್ ಫಿಲ್ಟರ್ ಹಾಕಿ, ಅಡಗಿಕೊಳ್ಳೋಕೆ ಪಿವಿಸಿ ಪೈಪಿನ ತುಂಡು ಇಟ್ಟೆ. ಎರಡು ದಿನಕ್ಕೊಮ್ಮೆ ಸ್ವಲ್ಪ ನೀರು ಬದಲಾಯಿಸಿದೆ. ನಮ್ಮದು ಬೋರ್‌ವೆಲ್ ನೀರು, ಗಡಸು ಜಾಸ್ತಿ. ಚಿಪ್ಪಿಗೆ ಕ್ಯಾಲ್ಸಿಯಂ ಬೇಕಲ್ವಾ, ಒಳ್ಳೆಯದೇ ಆಯಿತು. ಐದನೇ ದಿನ ಬೇಯಿಸಿದ ಪಾಲಕ್ ತಿಂದಿತು.

ಮೊನ್ನೆ ಬೆಳಿಗ್ಗೆ ಲೈಟ್ ಹಾಕಿದಾಗ ಮಗುಚಿ ಬಿದ್ದಿತ್ತು. ಎದೆ ಧಸಕ್ಕೆಂದಿತು. ಹತ್ತಿರ ಹೋಗಿ ನೋಡಿದರೆ ಅದು ಕಳಚಿಟ್ಟ ಖಾಲಿ ಚಿಪ್ಪು, ಕಣ್ಣಿನ ಪೊರೆ, ಮೀಸೆ ಸಮೇತ! ಕ್ರೇಫಿಶ್ ಪೈಪಿನೊಳಗೆ ಮೆತ್ತಗೆ ಕೂತಿತ್ತು. ಎಡಗಡೆ ಅಕ್ಕಿಕಾಳಿನಷ್ಟು ಪುಟ್ಟ ಹೊಸ ಇಕ್ಕಳ, ಇನ್ನೂ ಬಿಳಿಚಿಕೊಂಡಿದೆ. ಪೂರ್ತಿ ಬೆಳೆಯೋಕೆ ಇನ್ನೂ ಕೆಲವು ಸಲ ಚಿಪ್ಪು ಕಳಚಬೇಕು.

ಹಳೇ ಚಿಪ್ಪನ್ನು ತೆಗೆಯಲಿಲ್ಲ. ಅದರಲ್ಲಿರುವ ಕ್ಯಾಲ್ಸಿಯಂ ಕ್ರೇಫಿಶ್‌ಗೇ ಬೇಕು. ಈಗ ಅರ್ಧ ತಿಂದು ಮುಗಿಸಿದೆ. ಸಿಕ್ಲಿಡ್ ಇರುವ ಟ್ಯಾಂಕಿಗೆ ಇನ್ನು ಯಾವತ್ತೂ ಬಿಡಲ್ಲ.