ಫೋನಿನ ಎಂಪಿ4 ವಿಡಿಯೊ ಹಳೆಯ ಪಿಸಿಯಲ್ಲಿ ಓಡುತ್ತಿಲ್ಲ: ದನಿ ಬರುತ್ತದೆ, ಚಿತ್ರ ನಿಲ್ಲುತ್ತದೆ

ಹಳೇಪಿಸಿ:
ಮನೆಯ ಪಿಸಿ ಇಂಟೆಲ್ ಐ5-3470, 8 ಜಿಬಿ ರ‍್ಯಾಮ್, ವಿಂಡೋಸ್ 10. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಮದುವೆಯ ವಿಡಿಯೊಗಳನ್ನು ಪೆನ್‌ಡ್ರೈವ್‌ನಿಂದ ಕಾಪಿ ಮಾಡಿದ್ದೇನೆ, ಎಲ್ಲವೂ ಎಂಪಿ4. ಫೋನಿನಲ್ಲಿ ತೆಗೆದವು ವಿಂಡೋಸ್‌ನ ಪ್ಲೇಯರ್‌ನಲ್ಲಿ ತೆರೆಯುವುದೇ ಇಲ್ಲ. ಬರುವ ಎರರ್ ಕೋಡ್‌ನ ಕೊನೆಯ ಅಂಕಿಗಳು 5212. ವಿಎಲ್‌ಸಿಯಲ್ಲಿ ದನಿ ಸರಿಯಾಗಿದೆ, ಚಿತ್ರ ಮಾತ್ರ ತಡವರಿಸಿ ನಿಲ್ಲುತ್ತದೆ. ಇನ್ನು ಕ್ಯಾಮೆರಾದ ಒಂದು ಫೈಲ್ (1.8 ಜಿಬಿ) ಯಾವುದರಲ್ಲೂ ತೆರೆಯುತ್ತಿಲ್ಲ. ಹೆಸರಿನ ಕೊನೆಯ ಎಂಪಿ4 ತೆಗೆದು ಎವಿಐ ಎಂದು ಹಾಕಿದರೂ ಅಷ್ಟೇ. ಕೋಡೆಕ್ ಪ್ಯಾಕ್ (ವಿಡಿಯೊ ಬಿಡಿಸುವ ತಂತ್ರಾಂಶಗಳ ಕಟ್ಟು) ಹಾಕಿದರೆ ಸರಿಹೋಗುತ್ತದೆಯೇ? ಬಲ್ಲವರು ತಿಳಿಸಿ.

ಬಿಟ್‌ರೇಟ್:
ಮೊದಲು ಹೆಸರನ್ನು ಎಂಪಿ4 ಎಂದೇ ವಾಪಸ್ ಮಾಡಿ. ಎಂಪಿ4, ಎಂಕೆವಿ, ಎವಿಐ ಇವೆಲ್ಲ ಬರೀ ಡಬ್ಬಿಗಳು. ಹೆಸರು ಬದಲಿಸಿದರೆ ಒಳಗಿನ ಚಿತ್ರ, ದನಿ ಬದಲಾಗುವುದಿಲ್ಲ.

ಒಳಗೆ ಏನಿದೆ ಎಂದು ನೋಡದೆ ಯಾವುದನ್ನೂ ಇನ್‌ಸ್ಟಾಲ್ ಮಾಡಬೇಡಿ. ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶ ಇದೆ. ಅದರಲ್ಲಿ ಫೈಲ್ ತೆರೆದು ವ್ಯೂ ಮೆನುವಿನಲ್ಲಿ ಟೆಕ್ಸ್ಟ್ ಆರಿಸಿ. ವಿಡಿಯೊ ಭಾಗದ ಫಾರ್ಮ್ಯಾಟ್, ಫಾರ್ಮ್ಯಾಟ್ ಪ್ರೊಫೈಲ್, ಅಗಲ-ಎತ್ತರ, ಫ್ರೇಮ್ ರೇಟ್ ಇಷ್ಟನ್ನು ಇಲ್ಲಿ ಬರೆಯಿರಿ. ಕ್ಯಾಮೆರಾದ ಫೈಲಿಗೂ ಹಾಗೆಯೇ ಮಾಡಿ.

ಕೋಡೆಕ್ ಪ್ಯಾಕ್ ಬೇಡ. ವಿಎಲ್‌ಸಿ ತನಗೆ ಬೇಕಾದ ಡಿಕೋಡರ್‌ಗಳನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ, ಹೊರಗಿನ ಪ್ಯಾಕನ್ನು ಅದು ಬಳಸುವುದೇ ಇಲ್ಲ. "ಈ ವಿಡಿಯೊ ನೋಡಲು ಕೋಡೆಕ್ ಡೌನ್‌ಲೋಡ್ ಮಾಡಿ" ಎಂದು ಎದುರಿಗೆ ಜಿಗಿಯುವ ಪುಟಗಳಿಂದಂತೂ ಏನನ್ನೂ ಇಳಿಸಿಕೊಳ್ಳಬೇಡಿ. ವೈರಸ್ ಬರುವ ಹಳೆಯ ದಾರಿ ಅದು.

ಪೆನ್‌ಡ್ರೈವ್:
5212 ಅಂದರೆ ಕೋಡೆಕ್ ಇಲ್ಲ ಎಂದರ್ಥ. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಎಚ್‌ಇವಿಸಿ (ವಿಡಿಯೊ ಕುಗ್ಗಿಸಿಡುವ ಒಂದು ವಿಧಾನ) ಬಿಡಿಸುವ ಎಚ್‌ಇವಿಸಿ ವಿಡಿಯೊ ಎಕ್ಸ್‌ಟೆನ್ಷನ್ಸ್ ಸಿಗುತ್ತದೆ. ಸ್ವಲ್ಪ ದುಡ್ಡು ಕೊಡಬೇಕು, ವಿಂಡೋಸ್ ಪ್ಲೇಯರ್‌ನಲ್ಲಿ ತೆರೆಯುತ್ತದೆ.

ಹಳೇಪಿಸಿ:
ಫೋನಿನದು: ಎಚ್‌ಇವಿಸಿ, ಮೇನ್ 10, ಲೆವೆಲ್ 5.1, 3840 × 2160, 59.94 ಫ್ರೇಮ್. ಕ್ಯಾಮೆರಾ ಫೈಲಿಗೆ ಜನರಲ್ ಭಾಗ ಮಾತ್ರ ಬರುತ್ತಿದೆ. ವಿಡಿಯೊ, ಆಡಿಯೊ ಭಾಗಗಳೇ ಇಲ್ಲ.

ಬಿಟ್‌ರೇಟ್:
ಹಾಗಾದರೆ ಇವು ಎರಡು ಬೇರೆ ತೊಂದರೆಗಳು.

ಫೋನಿನ ಫೈಲ್ ಕೆಟ್ಟಿಲ್ಲ, ನಿಮ್ಮ ಪ್ರೊಸೆಸರ್‌ಗೆ ಅದು ಭಾರ. ಎಚ್‌ಇವಿಸಿಯನ್ನು ಚಿಪ್ಪಿನಲ್ಲೇ ಪೂರ್ತಿ ಬಿಡಿಸುವ ಸೌಲಭ್ಯ ಇಂಟೆಲ್‌ನಲ್ಲಿ ಬಂದದ್ದು 6ನೇ ತಲೆಮಾರಿನಿಂದ, ನಿಮ್ಮ ಫೈಲಿನ ಮೇನ್ 10, ಅಂದರೆ 10 ಬಿಟ್‌ಗೆ 7ನೆಯದರಿಂದ. ನಿಮ್ಮದು 3ನೇ ತಲೆಮಾರು. ಸೆಕೆಂಡಿಗೆ 60 ರಂತೆ 4ಕೆ ಫ್ರೇಮ್‌ಗಳನ್ನು ನಾಲ್ಕು ಕೋರ್‌ಗಳೇ ಲೆಕ್ಕ ಹಾಕಬೇಕು, ಅವಕ್ಕೆ ಆಗುವುದಿಲ್ಲ. ವಿಎಲ್‌ಸಿ ಓಡುವಾಗ ಕಂಟ್ರೋಲ್ ಮತ್ತು ಜೆ ಒತ್ತಿ ಸ್ಟ್ಯಾಟಿಸ್ಟಿಕ್ಸ್ ನೋಡಿ, ಲಾಸ್ಟ್ ಫ್ರೇಮ್‌ಗಳು ಏರುತ್ತಾ ಹೋಗುತ್ತವೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು 100ರ ಹತ್ತಿರ ನಿಂತಿರುತ್ತದೆ. ಪೆನ್‌ಡ್ರೈವ್ ಅವರು ಹೇಳಿದ ಎಕ್ಸ್‌ಟೆನ್ಷನ್ ಹಾಕಿದರೆ ಎರರ್ ಹೋದೀತು, ತಡವರಿಕೆ ಹೋಗದು. ಈ ಪಿಸಿಗೆ ಆ ದುಡ್ಡು ದಂಡ.

ದಾರಿ ಇರುವುದು ಪರಿವರ್ತನೆಯಲ್ಲಿ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಪರಿವರ್ತನೆಯ ತಂತ್ರಾಂಶದಲ್ಲಿ ಫೈಲ್ ತೆರೆದು ಫಾಸ್ಟ್ 1080ಪಿ30 ಪ್ರಿಸೆಟ್ ಆರಿಸಿ. ವಿಡಿಯೊ ಟ್ಯಾಬ್‌ನಲ್ಲಿ ಎನ್‌ಕೋಡರ್ ಎಚ್.264 (ಎಕ್ಸ್264) ಇರಲಿ, ಹಳೆಯ ಪಿಸಿಗೂ ಹಗುರವಾದ ವಿಧಾನ ಅದು. 10 ಬಿಟ್ ಎಂದು ಬರೆದಿರುವ ಎನ್‌ಕೋಡರ್ ಆರಿಸಬೇಡಿ. ಕಾನ್‌ಸ್ಟಂಟ್ ಕ್ವಾಲಿಟಿ 20. ಅಂಕಿ ಇಳಿದಷ್ಟೂ ಗುಣಮಟ್ಟ ಏರುತ್ತದೆ, ಫೈಲೂ ದಪ್ಪವಾಗುತ್ತದೆ. ಒಮ್ಮೆಲೇ ಎಲ್ಲವನ್ನೂ ಹಾಕದೆ, ರೇಂಜ್‌ನಲ್ಲಿ ಸೆಕೆಂಡ್ಸ್ ಆರಿಸಿ 0ಯಿಂದ 30ರವರೆಗೆ ಮಾತ್ರ ಮಾಡಿ ನೋಡಿ. ಬಣ್ಣ ಸಪ್ಪೆಯಾಗಿ, ಬೂದಿ ಬಳಿದ ಹಾಗೆ ಬಂದರೆ ಮೂಲ ಎಚ್‌ಡಿಆರ್ (ಬೆಳಕು, ಬಣ್ಣಗಳ ವ್ಯಾಪ್ತಿ ಹೆಚ್ಚಿರುವ ವಿಡಿಯೊ) ಎಂದರ್ಥ. ಫಿಲ್ಟರ್ಸ್‌ನಲ್ಲಿ ಕಲರ್‌ಸ್ಪೇಸ್ ಬಿಟಿ.709 (ಸಾಮಾನ್ಯ ಪರದೆಯ ಬಣ್ಣದ ಮಾನದಂಡ) ಮಾಡಿ ಮತ್ತೆ ನೋಡಿ. ಈ ಪಿಸಿಯಲ್ಲಿ 10 ನಿಮಿಷದ ವಿಡಿಯೊಗೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಹಿಡಿಯಬಹುದು, ರಾತ್ರಿ ಹಾಕಿ ಮಲಗಿ. ಪರಿವರ್ತನೆಯಾಯಿತೆಂದು ಮೂಲವನ್ನು ಅಳಿಸಬೇಡಿ. ಮದುವೆಯ ವಿಡಿಯೊ, ಮತ್ತೆ ತೆಗೆಯಲಾಗದ್ದು.

ಕಾರ್ಡ್‌ರೀಡರ್:
ಕ್ಯಾಮೆರಾ ಫೈಲಿನ ಬಗ್ಗೆ ನಾನು ಹೇಳುತ್ತೇನೆ. ಎಂಪಿ4 ಫೈಲಿನಲ್ಲಿ ಯಾವ ಫ್ರೇಮ್ ಎಲ್ಲಿದೆ ಎಂಬ ಸೂಚಿಯ ಹೆಸರು ಮೂವ್. ಸಾಮಾನ್ಯವಾಗಿ ಕ್ಯಾಮೆರಾ ಅದನ್ನು ಬರೆಯುವುದು ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ. ನಡುವೆ ಬ್ಯಾಟರಿ ಸತ್ತರೆ, ಕಾರ್ಡ್ ಕಿತ್ತರೆ, ಅಥವಾ ಕಾಪಿ ಅರ್ಧಕ್ಕೆ ನಿಂತರೆ ಸೂಚಿ ಇರುವುದಿಲ್ಲ. ಚಿತ್ರವೆಲ್ಲ ಒಳಗಿದ್ದರೂ ಪ್ಲೇಯರ್‌ಗೆ ಎಲ್ಲಿಂದ ಓದಬೇಕೆಂದು ತಿಳಿಯದು.

ಮೂಲ ಮೆಮೊರಿ ಕಾರ್ಡ್ ಇನ್ನೂ ಇದೆಯೇ? ಇದ್ದರೆ ಅದರಲ್ಲಿ ಹೊಸದಾಗಿ ಏನನ್ನೂ ತೆಗೆಯಬೇಡಿ. ಫೈಲ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್‌ನಲ್ಲಿ ಸೈಜ್ ಅನ್ನು ಬೈಟ್‌ವರೆಗೂ ಹೋಲಿಸಿ. ಕಾರ್ಡಿನಲ್ಲಿ ಹೆಚ್ಚಿದ್ದರೆ ಕಾಪಿಯಲ್ಲೇ ತಪ್ಪಾಗಿದೆ. ಮತ್ತೊಮ್ಮೆ ಕಾಪಿ ಮಾಡಿದರೆ ಮುಗಿಯಿತು.

ಎರಡೂ ಒಂದೇ ಆಗಿದ್ದರೆ ಅನ್‌ಟ್ರಂಕ್ ಎಂಬ ಉಚಿತ ಸಾಧನ ಬಳಸಿ. ಅದಕ್ಕೆ ಎರಡು ಫೈಲ್ ಕೊಡಬೇಕು: ಕೆಟ್ಟದ್ದು ಒಂದು, ಅದೇ ಕ್ಯಾಮೆರಾದಲ್ಲಿ ಅದೇ ರೆಸಲ್ಯೂಷನ್, ಅದೇ ಫ್ರೇಮ್ ರೇಟ್‌ನಲ್ಲಿ ತೆಗೆದ ಚೆನ್ನಾಗಿ ಓಡುವುದು ಒಂದು. ಸೆಟ್ಟಿಂಗ್ ಬೇರೆಯಾದರೆ ಹಸಿರು ಚೌಕಗಳು, ಹಿಂದುಮುಂದಾದ ದನಿ ಬರುತ್ತವೆ. ಮೂಲವನ್ನು ಅದು ಮುಟ್ಟದೆ ಹೊಸ ಫೈಲ್ ಬರೆಯುತ್ತದೆ. ಆದರೂ ಕೆಲಸ ಮಾಡುವುದು ಕಾಪಿಯ ಮೇಲೇ ಇರಲಿ.

ಹಳೇಪಿಸಿ:
ಕಾರ್ಡ್ ವಿಡಿಯೊ ತೆಗೆದವರ ಬಳಿ ಇದೆ, ಈಗಲೇ ಫೋನ್ ಮಾಡಿ ಹೇಳುತ್ತೇನೆ. 30 ಸೆಕೆಂಡಿನ ಪರೀಕ್ಷೆ ಮಾಡಿದೆ: ಚಿತ್ರ ಸರಾಗವಾಗಿದೆ, ಬಣ್ಣ ಮಾತ್ರ ಸಪ್ಪೆಯಿತ್ತು. ಕಲರ್‌ಸ್ಪೇಸ್ ಬದಲಿಸಿ ಮತ್ತೆ ಹಾಕಿದ್ದೇನೆ.

ಬಿಟ್‌ರೇಟ್:
ಒಳ್ಳೆಯದು. ಮುಂದಿನ ಸಲಕ್ಕೆ: ಐಫೋನ್ ಆದರೆ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ನಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಆರಿಸಿ, ರೆಕಾರ್ಡ್ ವಿಡಿಯೊದಲ್ಲಿ 1080ಪಿ 30. ಆಂಡ್ರಾಯ್ಡ್‌ನಲ್ಲಿ ಕ್ಯಾಮೆರಾ ಸೆಟ್ಟಿಂಗ್ಸ್ ಒಳಗೆ ಹೈ ಎಫಿಷಿಯೆನ್ಸಿ ಅಥವಾ ಎಚ್‌ಇವಿಸಿ ಎಂದಿರುವುದನ್ನು ಆಫ್ ಮಾಡಿ. ಫೈಲ್ ದೊಡ್ಡದಾಗುತ್ತದೆ, ಆದರೆ ನಿಮ್ಮ ಪಿಸಿಯಲ್ಲಿ ನೇರವಾಗಿ ಓಡುತ್ತದೆ.